ಗಂಡನ ದೇಶ, ಹೆಂಡತಿಯ ಪಾಸ್‌ಪೋರ್ಟ್

ಕಳೆದ ವರ್ಷ ಒಂದು ಜೋಡಿ ತಮ್ಮ ಮದುವೆಯ ನೋಂದಣಿ ಪತ್ರವನ್ನು ಅನುವಾದಕ್ಕೆಂದು ನನಗೆ ಕಳಿಸಿತ್ತು. ಗಂಡ ಧಾರವಾಡದ ಕಡೆಯವನು, ಹೆಂಡತಿ ಶ್ರೀಲಂಕಾದವಳು, ಮದುವೆ ಕರ್ನಾಟಕದಲ್ಲೇ ಆಗಿತ್ತು. ಇಬ್ಬರೂ ಜರ್ಮನಿಗೆ ಹೊರಟಿದ್ದರು. ಇಂಥ ಪತ್ರ ನನಗೆ ಅರ್ಧ ಗಂಟೆಯ ಕೆಲಸ. ಆದರೆ ಅನುವಾದ ಕಳಿಸಿದ ಮೇಲೆ ಹುಡುಗಿ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದಳು. ಅರ್ಜಿಯಲ್ಲಿ ಒಬ್ಬರನ್ನು ಮುಖ್ಯ ಅರ್ಜಿದಾರರೆಂದೂ ಇನ್ನೊಬ್ಬರನ್ನು ಡಿಪೆಂಡೆಂಟ್ ಎಂದೂ ತೋರಿಸಬೇಕಂತೆ. ಇಬ್ಬರೂ ದುಡಿಯುತ್ತೇವೆ, ಸಂಬಳವೂ ಹತ್ತಿರಹತ್ತಿರ ಒಂದೇ, ಹಾಗಿದ್ದರೆ ಯಾರು ಯಾರ ಡಿಪೆಂಡೆಂಟ್?

ಅದು ಅನುವಾದಕರು ಉತ್ತರಿಸಬೇಕಾದ ಪ್ರಶ್ನೆಯಲ್ಲ. ಆದರೂ ಆ ಪದ ತಲೆಯಲ್ಲಿ ಉಳಿಯಿತು. ಶಾಲೆಯ ವ್ಯಾಕರಣದಲ್ಲಿ ನಾವೆಲ್ಲ ಓದಿದ ಮಿಶ್ರವಾಕ್ಯ ನೆನಪಿದೆಯಲ್ಲ? ಅದರಲ್ಲಿ ಒಂದು ಪ್ರಧಾನ ವಾಕ್ಯ, ಅದಕ್ಕೆ ಜೋತುಬಿದ್ದ ಒಂದೋ ಎರಡೋ ಅಧೀನ ವಾಕ್ಯ. ಅಧೀನ ವಾಕ್ಯಕ್ಕೆ ಒಂಟಿಯಾಗಿ ನಿಲ್ಲುವ ಶಕ್ತಿ ಇಲ್ಲ. ಬೇರೆಬೇರೆ ದೇಶದ ಇಬ್ಬರು ಮದುವೆಯಾಗಿ ಗಡಿ ದಾಟಲು ಹೊರಟಾಗ ಕಾನೂನು ಅವರನ್ನು ಹೀಗೇ ಓದುತ್ತ ಬಂದಿದೆ. ಯಾರು ಪ್ರಧಾನ, ಯಾರು ಅಧೀನ ಎಂಬುದನ್ನು ತೀರ್ಮಾನಿಸುವ ಬಗೆ ಮಾತ್ರ ಕಾಲಕ್ಕೊಮ್ಮೆ ಬದಲಾಗಿದೆ.

ಹಿಂದೆ ಈ ತೀರ್ಮಾನ ಬಹಳ ಸುಲಭವಾಗಿತ್ತು. ಮದುವೆಯಾದ ಹೆಣ್ಣಿಗೆ ಗಂಡನ ಮನೆಯೇ ಮನೆ ಎನ್ನುವ ಮಾತು ನಮ್ಮದು ಮಾತ್ರ ಎಂದುಕೊಂಡಿದ್ದರೆ, ಫ್ರಾನ್ಸಿನಲ್ಲಿ 1804ರಲ್ಲಿ ಜಾರಿಗೆ ಬಂದ ನೆಪೋಲಿಯನ್ನನ ಸಿವಿಲ್ ಸಂಹಿತೆಯನ್ನು ನೋಡಬೇಕು. ಫ್ರೆಂಚನನ್ನು ಮದುವೆಯಾದ ಪರದೇಶಿ ಹೆಣ್ಣು ಫ್ರೆಂಚಳಾಗುತ್ತಾಳೆ, ಪರದೇಶಿಯನ್ನು ಮದುವೆಯಾದ ಫ್ರೆಂಚ್ ಹೆಣ್ಣು ಪರದೇಶಿಯಾಗುತ್ತಾಳೆ. ಬ್ರಿಟನ್ 1870ರ ಕಾಯ್ದೆಯಲ್ಲಿ ಇದನ್ನೇ ಒಪ್ಪಿಕೊಂಡಿತು. ಅಮೆರಿಕ 1907ರಲ್ಲಿ, ಪರದೇಶಿಯನ್ನು ವರಿಸಿದ ಅಮೆರಿಕನ್ ಹೆಂಗಸು ಗಂಡನ ರಾಷ್ಟ್ರೀಯತೆಯನ್ನೇ ಹೊಂದುತ್ತಾಳೆ ಎಂದು ಬರೆಯಿತು. ಒಂದು ಮನೆಗೆ ಒಂದೇ ದೇಶ ಎಂಬುದು ತರ್ಕ. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಏರ್ಪಾಡು, ಏಕೆಂದರೆ ಮದುವೆ ಮುಗಿಯುವ ಹೊತ್ತಿಗೆ ಎರಡು ದೇಶದ ಜೋಡಿ ಎಂಬುದೇ ಇರುತ್ತಿರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ ಎಥೆಲ್ ಮೆಕೆಂಜಿ 1909ರಲ್ಲಿ ಸ್ಕಾಟ್ಲೆಂಡಿನ ಗಾಯಕ ಗಾರ್ಡನ್ ಮೆಕೆಂಜಿಯನ್ನು ಮದುವೆಯಾದಳು. ಊರು ಬಿಡಲಿಲ್ಲ, ಮನೆಯೂ ಬದಲಾಗಲಿಲ್ಲ. 1911ರಲ್ಲಿ ಆ ರಾಜ್ಯದ ಹೆಂಗಸರಿಗೆ ಮತದಾನದ ಹಕ್ಕು ಬಂತು. ಅದಕ್ಕಾಗಿ ದುಡಿದವರಲ್ಲಿ ಆಕೆಯೂ ಒಬ್ಬಳು. 1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮತದಾರರ ಪಟ್ಟಿಗೆ ಹೆಸರು ಕೊಡಲು ಹೋದಾಗ ನೀನು ಅಮೆರಿಕನ್ನಳಲ್ಲ ಎಂಬ ಉತ್ತರ ಸಿಕ್ಕಿತು. ಆಕೆ ಸುಪ್ರೀಂ ಕೋರ್ಟ್‌ವರೆಗೆ ಹೋದಳು. 1915ರ ಡಿಸೆಂಬರಿನಲ್ಲಿ ಬಂದ ತೀರ್ಪಿನ ಸಾರ ಇಷ್ಟು: ಪರಿಣಾಮ ಗೊತ್ತಿದ್ದೇ ಮದುವೆಯಾಗಿದ್ದೀಯ, ಆದ್ದರಿಂದ ಪೌರತ್ವವನ್ನು ನೀನೇ ಬಿಟ್ಟುಕೊಟ್ಟ ಹಾಗೆ. ಮರಳಿ ಅಮೆರಿಕನ್ ಆಗಬೇಕಾದರೆ ಗಂಡ ಅಮೆರಿಕನ್ ಆಗಬೇಕು, ಇಲ್ಲವೆ ಮದುವೆ ಕೊನೆಗೊಳ್ಳಬೇಕು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ನರನ್ನು ಮದುವೆಯಾಗಿದ್ದ ಅಮೆರಿಕನ್ ಮತ್ತು ಬ್ರಿಟಿಷ್ ಹೆಂಗಸರು ತಾವು ಹುಟ್ಟಿದ ನೆಲದಲ್ಲೇ ಶತ್ರುದೇಶದವರಾಗಿ ಹೆಸರು ನೋಂದಾಯಿಸಬೇಕಾಯಿತು.

1920ರಲ್ಲಿ ಅಮೆರಿಕದಲ್ಲಿ ಲಿಂಗಭೇದವಿಲ್ಲದೆ ಮತದ ಹಕ್ಕು ಬಂದಮೇಲೆ ಈ ಕಾನೂನು ಉಳಿಯುವುದು ಕಷ್ಟವಾಯಿತು. 1922ರ ಕೇಬಲ್ ಕಾಯ್ದೆ ಪರದೇಶಿಯನ್ನು ಮದುವೆಯಾದರೂ ಪೌರತ್ವ ಉಳಿಯುತ್ತದೆ ಎಂದಿತು. ಆದರೆ ಒಂದು ಅಪವಾದ ಇಟ್ಟಿತು. ಗಂಡ ಅಮೆರಿಕದ ಪೌರನಾಗಲು ಅರ್ಹನೇ ಅಲ್ಲದವನಾಗಿದ್ದರೆ ಹೆಂಡತಿ ಪೌರತ್ವ ಕಳೆದುಕೊಳ್ಳುತ್ತಾಳೆ. ಅರ್ಹತೆ ಎಂದರೆ ಬಣ್ಣ. ಆಗ ಅಲ್ಲಿ ಬಿಳಿಯರೂ ಆಫ್ರಿಕಾ ಮೂಲದವರೂ ಮಾತ್ರ ಅರ್ಜಿ ಹಾಕಿ ಪೌರರಾಗಬಹುದಿತ್ತು. ಚೀನಾ ಜಪಾನಿನವರು ಹೊರಗೆ. ಭಾರತೀಯರು? ಕೆಲವು ನ್ಯಾಯಾಲಯಗಳು ಕೊಟ್ಟಿದ್ದವು, ಕೆಲವು ಕೊಟ್ಟಿರಲಿಲ್ಲ. 1923ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅದನ್ನೂ ತೀರ್ಮಾನಿಸಿತು. ಥಿಂಡ್ ಪಂಜಾಬಿನವನು, ಅಮೆರಿಕದ ಸೈನ್ಯದಲ್ಲಿದ್ದವನು. ಮಾನವಶಾಸ್ತ್ರದ ವರ್ಗೀಕರಣ ಏನೇ ಹೇಳಲಿ, ಸಾಮಾನ್ಯ ಜನರ ಮಾತಿನಲ್ಲಿ ಭಾರತೀಯರು ಬಿಳಿಯರಲ್ಲ ಎಂದಿತು ಕೋರ್ಟು. ಭಾಷಾಶಾಸ್ತ್ರ ಓದಿದ ನನಗೆ ಈ ತೀರ್ಪು ಯಾವಾಗಲೂ ಕಸಿವಿಸಿ ತರುತ್ತದೆ. ಒಂದು ಪದಕ್ಕೆ ಬಳಕೆಯ ಅರ್ಥವೇ ಅರ್ಥ ಎಂದು ನಮಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಆ ಪಾಠವನ್ನು ಹೀಗೂ ಬಳಸಬಹುದು ಎಂದು ಯಾರೂ ಹೇಳಿರಲಿಲ್ಲ.

ಆ ತೀರ್ಪಿನ ನಂತರ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವ ಕಿತ್ತುಕೊಳ್ಳಲು ಸರ್ಕಾರ ಹೊರಟಿತು. ಅವರಲ್ಲಿ ಒಬ್ಬ ತಾರಕನಾಥ ದಾಸ್. ಬಂಗಾಳದಿಂದ ಹೋದ ಸ್ವಾತಂತ್ರ್ಯ ಹೋರಾಟಗಾರ, 1914ರಲ್ಲಿ ಅಮೆರಿಕದ ಪೌರನಾದವನು, ಬ್ರಿಟಿಷರ ವಿರುದ್ಧದ ಪಿತೂರಿ ಮೊಕದ್ದಮೆಯಲ್ಲಿ ಅಲ್ಲಿಯೇ ಜೈಲು ಕಂಡವನು. 1924ರಲ್ಲಿ ಆತ ಮೇರಿ ಕೀಟಿಂಗ್ ಮೋರ್ಸ್ ಎಂಬ ಅಮೆರಿಕನ್ ಮಹಿಳೆಯನ್ನು ಮದುವೆಯಾದ. ಆಕೆ ಮಹಿಳಾ ಹಕ್ಕು ಚಳವಳಿಯವಳು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಕೇಳಿದಾಗ ಸಿಗಲಿಲ್ಲ. ಥಿಂಡ್ ತೀರ್ಪಿನ ಪ್ರಕಾರ ಗಂಡ ಅನರ್ಹ, ಕೇಬಲ್ ಕಾಯ್ದೆಯ ಪ್ರಕಾರ ಅನರ್ಹನ ಹೆಂಡತಿ ಅಮೆರಿಕನ್ನಳಲ್ಲ. ಗಂಡನ ದೇಶವಾದರೂ ಆಕೆಯದಾಗಬಹುದಿತ್ತೇ ಎಂದರೆ, ಬ್ರಿಟಿಷರ ಪ್ರಜೆಯಾಗಿರುವುದನ್ನು ಗಂಡ ಎಂದೋ ಬಿಟ್ಟಿದ್ದ. ಎರಡು ಬಾಗಿಲೂ ಮುಚ್ಚಿದ ಮನೆ. 1926ರಲ್ಲಿ ಆಕೆ 'ದಿ ನೇಷನ್' ಪತ್ರಿಕೆಯಲ್ಲಿ ತನ್ನನ್ನು ದೇಶವಿಲ್ಲದ ಹೆಂಗಸು ಎಂದು ಕರೆದುಕೊಂಡು ಲೇಖನ ಬರೆದಳು.

ಈ ಗಂಟನ್ನು ಬಿಡಿಸಿದ್ದು ಕೂಡ ಇನ್ನೊಂದು ಇಂಥದೇ ಜೋಡಿ. ಸಖಾರಾಮ ಗಣೇಶ ಪಂಡಿತ್ ಲಾಸ್ ಏಂಜಲೀಸಿನಲ್ಲಿ ವಕೀಲ, ಹೆಂಡತಿ ಲಿಲಿಯನ್ ಬಿಳಿಯ ಅಮೆರಿಕನ್ನಳು. ಸರ್ಕಾರ ತನ್ನ ಪೌರತ್ವಕ್ಕೆ ಕೈಹಾಕಿದಾಗ ಆತ ತನ್ನ ಬಣ್ಣದ ಬಗ್ಗೆ ವಾದಿಸಲು ಹೋಗಲಿಲ್ಲ. ನೀವು ಕೊಟ್ಟ ಕಾಗದವನ್ನು ನಂಬಿ ವಕೀಲನಾದೆ, ಆಸ್ತಿ ಮಾಡಿದೆ, ಮದುವೆಯಾದೆ, ಈಗ ಅದನ್ನು ಹಿಂದಕ್ಕೆ ಪಡೆದರೆ ನನ್ನ ಹೆಂಡತಿಯೂ ದೇಶವಿಲ್ಲದವಳಾಗುತ್ತಾಳೆ ಎಂದ. 1926ರಲ್ಲಿ ಮೇಲ್ಮನವಿ ನ್ಯಾಯಾಲಯ ಆತನ ಪರ ತೀರ್ಪು ಕೊಟ್ಟಿತು. ಮರುವರ್ಷ ಸುಪ್ರೀಂ ಕೋರ್ಟು ಸರ್ಕಾರದ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ, ಉಳಿದ ಭಾರತೀಯರ ಮೇಲಿನ ಮೊಕದ್ದಮೆಗಳನ್ನೂ ಸರ್ಕಾರ ಕೈಬಿಟ್ಟಿತು. ಕೇಬಲ್ ಕಾಯ್ದೆಯ ಆ ಅಪವಾದ ಹೋದದ್ದು 1931ರಲ್ಲಿ. ಬ್ರಿಟನ್ನಿನ ಹೆಂಗಸರು 1948ರ ಕಾಯ್ದೆಯವರೆಗೆ ಕಾಯಬೇಕಾಯಿತು.

ಹೆಣ್ಣಿಗೆ ತನ್ನದೇ ಪಾಸ್‌ಪೋರ್ಟ್ ಸಿಕ್ಕಿತು. ಆದರೆ ಇದರೊಂದಿಗೆ ಹೊಸ ತೊಡಕೂ ಬಂತು, ಇದನ್ನು ಇತಿಹಾಸ ಬರೆಯುವವರು ಬೇಗ ದಾಟಿಹೋಗುತ್ತಾರೆ ಎಂದು ನನ್ನ ಅನಿಸಿಕೆ. ಹಳೆಯ ಏರ್ಪಾಡಿನಲ್ಲಿ ಗಂಡಹೆಂಡಿರಿಗೆ ಒಂದೇ ರಾಷ್ಟ್ರೀಯತೆ ಇದ್ದದ್ದರಿಂದ ಕೊನೇಪಕ್ಷ ಒಂದು ದೇಶ ಇಬ್ಬರನ್ನೂ ಒಳಗೆ ಬಿಡಬೇಕಿತ್ತು. ಈಗ ಎರಡು ಪಾಸ್‌ಪೋರ್ಟ್, ಎರಡು ಸರ್ಕಾರ. ನಿನ್ನ ಪೌರತ್ವ ನಿನ್ನದೇ ಇರಲಿ, ಆದರೆ ನಿನ್ನ ಗಂಡನನ್ನು ಇಲ್ಲಿಗೆ ಕರೆತರಬೇಕಾದರೆ ನಮ್ಮ ಅನುಮತಿ ಬೇಕು ಎಂದು ಹೇಳಲು ರಾಜ್ಯಕ್ಕೆ ದಾರಿಯಾಯಿತು. ರಾಷ್ಟ್ರೀಯತೆಯ ಕಾನೂನು ಮಾಡುತ್ತಿದ್ದ ಕೆಲಸವನ್ನು ವೀಸಾ ವಹಿಸಿಕೊಂಡಿತು.

ಬ್ರಿಟನ್ನಿನಲ್ಲಿ ಇದು ಬೆತ್ತಲಾಗಿ ಕಂಡಿತು. ಅಲ್ಲಿ ನೆಲೆಸಿದ ಗಂಡಸು ಹೊರಗಿನಿಂದ ಹೆಂಡತಿಯನ್ನು ಕರೆತರಬಹುದಿತ್ತು. ಹೆಂಗಸು ಗಂಡನನ್ನು ಕರೆತರುವುದಕ್ಕೆ ಮಾತ್ರ 1969ರಲ್ಲಿ ತಡೆ ಬಂತು, 1974ರಲ್ಲಿ ಹೋಯಿತು, 1980ರಲ್ಲಿ ಥ್ಯಾಚರ್ ಸರ್ಕಾರದ ಕಾಲಕ್ಕೆ ಬಿಗಿಯಾಗಿ ಮರಳಿತು. ಗಂಡ ಬಂದರೆ ಕೆಲಸ ಹುಡುಕುತ್ತಾನೆ, ನಿರುದ್ಯೋಗ ಹೆಚ್ಚುತ್ತದೆ, ಹೆಂಡತಿ ಬಂದರೆ ಮನೆಯಲ್ಲಿರುತ್ತಾಳೆ ಎಂಬುದು ಕಾರಣ. ಹಾಗೆಂದು ಹೆಂಗಸರ ದಾರಿಯೂ ಹೂವಿನದಾಗಿರಲಿಲ್ಲ. 1979ರ ಜನವರಿಯಲ್ಲಿ ಅಲ್ಲಿ ನೆಲೆಸಿದವನನ್ನು ಮದುವೆಯಾಗಲು ಭಾರತದಿಂದ ಬಂದ 35 ವರ್ಷದ ಶಿಕ್ಷಕಿಯೊಬ್ಬಳನ್ನು ಹೀಥ್ರೋ ವಿಮಾನ ನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ್ದು 'ಗಾರ್ಡಿಯನ್' ಪತ್ರಿಕೆಯಿಂದ ಹೊರಬಂತು.

1980ರ ನಿಯಮವನ್ನು ಪ್ರಶ್ನಿಸಿ ಮೂವರು ಹೆಂಗಸರು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಮೊದಲನೆಯವಳು ನರ್ಗಿಸ್ ಅಬ್ದುಲ್‌ಅಜೀಜ್. ಹುಟ್ಟಿದ್ದು ಆಫ್ರಿಕಾದ ಮಲಾವಿಯಲ್ಲಿ, ಭಾರತೀಯ ಮೂಲದವಳಾದ್ದರಿಂದ ಅಲ್ಲಿನ ಪೌರತ್ವ ಹೋಯಿತು ಎಂಬುದು ಆಕೆಯ ಹೇಳಿಕೆ. ಬ್ರಿಟನ್ನಿನಲ್ಲಿ ಕಾಯಂ ವಾಸದ ಅನುಮತಿ ಪಡೆದಿದ್ದಳು. ಗಂಡ ಹುಟ್ಟಿದ್ದು ನಮ್ಮ ದಮನ್‌ನಲ್ಲಿ, ಅದು ಪೋರ್ಚುಗೀಸರ ಕೈಯಲ್ಲಿದ್ದ ಕಾಲದಲ್ಲಿ. 1978ರಲ್ಲಿ ಪೋರ್ಚುಗಲ್ಲಿಗೆ ಹೋದವನು, ಪೋರ್ಚುಗಲ್ಲಿನ ಪೌರ. ಈ ಜೋಡಿಯ ನಕ್ಷೆ ಬರೆಯಲು ಕೂತರೆ ಎರಡು ಸಾಮ್ರಾಜ್ಯಗಳ ಅವಶೇಷ ಕಣ್ಣಿಗೆ ಬೀಳುತ್ತದೆ. ಇನ್ನಿಬ್ಬರು ಫಿಲಿಪೀನ್ಸಿನ ಮತ್ತು ಈಜಿಪ್ಟಿನ ಮೂಲದವರು.

1985ರ ಮೇ 28ರಂದು ತೀರ್ಪು ಬಂತು. ಅದರಲ್ಲಿ ಎರಡು ಭಾಗವಿದೆ, ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುವುದು ಎರಡನೆಯದು. ಗಂಡಸರಿಗೊಂದು ಹೆಂಗಸರಿಗೊಂದು ನಿಯಮ ಇಟ್ಟದ್ದು ಲಿಂಗತಾರತಮ್ಯ ಎಂದು ನ್ಯಾಯಾಲಯ ಹೇಳಿತು, ಮೂವರೂ ಗೆದ್ದರು. ಆದರೆ ಮೊದಲ ಭಾಗದಲ್ಲಿ ಹೇಳಿದ್ದು ಬೇರೆ. ದಂಪತಿ ಎಲ್ಲಿ ಸಂಸಾರ ಹೂಡಬೇಕೆಂದು ಆರಿಸಿಕೊಂಡರೆ ಅದನ್ನು ಒಪ್ಪಲೇಬೇಕಾದ ಬಾಧ್ಯತೆ ಯಾವ ರಾಜ್ಯಕ್ಕೂ ಇಲ್ಲ, ಇವರು ತಮ್ಮ ಅಥವಾ ಗಂಡಂದಿರ ದೇಶದಲ್ಲಿ ಬಾಳುವುದಕ್ಕೆ ಅಡ್ಡಿ ಏನು ಎಂದು ತೋರಿಸಿಲ್ಲ. ಈ ವಾಕ್ಯ ಇಂದಿಗೂ ವೀಸಾ ತಿರಸ್ಕಾರದ ಪತ್ರಗಳ ಬೆನ್ನೆಲುಬು. ನಿಮ್ಮ ಕುಟುಂಬ ಜೀವನಕ್ಕೆ ನಾವು ಅಡ್ಡಬರುತ್ತಿಲ್ಲ, ಬೇರೆಲ್ಲಾದರೂ ನಡೆಸಿಕೊಳ್ಳಿ. ಎರಡು ದೇಶವೂ ಹೀಗೇ ಹೇಳಿದರೆ ಏನು ಮಾಡಬೇಕೆಂದು ಆ ಪತ್ರಗಳಲ್ಲಿ ಇರುವುದಿಲ್ಲ.

ಗೆದ್ದ ಮೂವರಿಂದ ಉಳಿದವರಿಗೆ ಸಿಕ್ಕಿದ್ದೇನು? ಬ್ರಿಟಿಷ್ ಸರ್ಕಾರ ಅದೇ ವರ್ಷ ನಿಯಮ ತಿದ್ದಿ ಸಮಾನತೆ ತಂದಿತು. ಗಂಡಂದಿರಿಗಿದ್ದ ಕಟ್ಟುಪಾಡನ್ನು ಹೆಂಡತಿಯರಿಗೂ ಹಾಕಿತು! ಮದುವೆಯ ಮುಖ್ಯ ಉದ್ದೇಶ ಬ್ರಿಟನ್ ಪ್ರವೇಶ ಅಲ್ಲ ಎಂದು ಅರ್ಜಿದಾರರೇ ಸಾಬೀತು ಮಾಡಬೇಕೆಂಬ ನಿಯಮ ಇಬ್ಬರಿಗೂ ಅನ್ವಯಿಸಿತು. ಅಲ್ಲ ಎನ್ನುವುದನ್ನು ಸಾಬೀತು ಮಾಡುವುದು ಹೇಗೆಂದು ಯೋಚಿಸಿ ನೋಡಿ. 1997ರಲ್ಲಿ ಅದನ್ನು ತೆಗೆಯುವವರೆಗೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಜೋಡಿಗಳು ಹೆಚ್ಚಾಗಿ ಎಡವಿದ್ದು ಆ ಕಲ್ಲಿಗೇ.

ನಮ್ಮ ದೇಶದ ಕಾನೂನು ಇದಕ್ಕಿಂತ ಉದಾರವಾಗಿತ್ತು ಎಂದು ಹೇಳಲು ಬರುವುದಿಲ್ಲ. 1955ರ ಪೌರತ್ವ ಕಾಯ್ದೆ ಮದುವೆಯ ಮೂಲಕ ನೋಂದಾಯಿಸಿಕೊಳ್ಳುವ ಅವಕಾಶ ಕೊಟ್ಟದ್ದು ಭಾರತೀಯರನ್ನು ಮದುವೆಯಾದ ಹೆಂಗಸರಿಗೆ ಮಾತ್ರ. ಭಾರತೀಯಳನ್ನು ಮದುವೆಯಾದ ಪರದೇಶಿ ಗಂಡಸಿಗೆ ಆ ದಾರಿ ತೆರೆದದ್ದು 1986ರ ತಿದ್ದುಪಡಿಯಿಂದ. ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಕಡೆಯಿಂದ ಭಾರತದ ಪೌರತ್ವ ಬರುವಂತಾದದ್ದು 1992ರ ಡಿಸೆಂಬರ್ 10ರ ನಂತರ ಹುಟ್ಟಿದವರಿಗೆ. ಅಲ್ಲಿಯವರೆಗೆ ಅದು ತಂದೆಯಿಂದ ಮಾತ್ರ ಇಳಿದುಬರುತ್ತಿತ್ತು.

ಈ ಇತಿಹಾಸದಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದ ಪ್ರಕರಣ ಸುರಿಂದರ್ ಸಿಂಗ್‌ದು. ಭಾರತದ ಪೌರನಾದ ಆತ 1982ರ ಅಕ್ಟೋಬರಿನಲ್ಲಿ ಬ್ರಾಡ್‌ಫರ್ಡಿನಲ್ಲಿ ಬ್ರಿಟಿಷ್ ಪೌರಳೊಬ್ಬಳನ್ನು ಮದುವೆಯಾದ. 1983ರಿಂದ 1985ರವರೆಗೆ ಇಬ್ಬರೂ ಜರ್ಮನಿಯಲ್ಲಿ ಕೆಲಸ ಮಾಡಿದರು. ಆಮೇಲೆ ಬ್ರಿಟನ್ನಿಗೆ ಮರಳಿ ಒಂದು ವ್ಯಾಪಾರ ತೆರೆದರು. ಸಂಸಾರ ಮುರಿಯಿತು, ವಿಚ್ಛೇದನದ ಪ್ರಕ್ರಿಯೆ ಶುರುವಾಯಿತು, ಸರ್ಕಾರ ಆತನ ವಾಸದ ಅವಧಿಯನ್ನು ಮೊಟಕುಗೊಳಿಸಿ ಗಡೀಪಾರಿಗೆ ಹೊರಟಿತು. ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ 1992ರ ಜುಲೈ 7ರಂದು ತೀರ್ಪು ಕೊಡುವ ಹೊತ್ತಿಗೆ ಆ ಮದುವೆ ಮುಗಿದು ಮೂರು ವರ್ಷವಾಗಿತ್ತು.

ತೀರ್ಪಿನ ತರ್ಕ ಇದು. ಯುರೋಪಿನ ಒಕ್ಕೂಟದಲ್ಲಿ ಕೆಲಸಗಾರರು ಒಂದು ದೇಶದಿಂದ ಇನ್ನೊಂದಕ್ಕೆ ಓಡಾಡುವ ಸ್ವಾತಂತ್ರ್ಯ ಇದೆ, ಹಾಗೆ ಹೋಗುವಾಗ ಗಂಡ ಅಥವಾ ಹೆಂಡತಿಯನ್ನು ಕರೆದೊಯ್ಯಬಹುದು, ಅವರು ಯಾವ ದೇಶದವರೇ ಆಗಿರಲಿ. ಮರಳಿ ಬರುವಾಗ ಸಂಗಾತಿಗೆ ತನ್ನ ದೇಶದಲ್ಲಿ ಅದಕ್ಕಿಂತ ಕಡಿಮೆ ಹಕ್ಕು ಸಿಗುತ್ತದೆ ಎಂದಾದರೆ ಯಾವ ಕೆಲಸಗಾರ ತಾನೇ ಊರು ಬಿಟ್ಟು ಹೋಗುತ್ತಾನೆ? ಆದ್ದರಿಂದ ಮರಳಿದವರಿಗೂ ಒಕ್ಕೂಟದ ನಿಯಮವೇ ಅನ್ವಯವಾಗಬೇಕು, ಬ್ರಿಟನ್ನಿನ ಬಿಗಿ ನಿಯಮ ಅಲ್ಲ.

ಗಮನಿಸಿ, ಇಲ್ಲಿ ಮದುವೆಯ ಹಕ್ಕು, ಕುಟುಂಬದ ಹಕ್ಕು ಗೆದ್ದದ್ದಲ್ಲ. ಏಳು ವರ್ಷ ಹಿಂದೆ ಮಾನವ ಹಕ್ಕುಗಳ ನ್ಯಾಯಾಲಯ ಕುಟುಂಬದ ಹೆಸರಿನಲ್ಲಿ ಕೊಡಲಾಗದ್ದನ್ನು ಈ ನ್ಯಾಯಾಲಯ ಮಾರುಕಟ್ಟೆಯ ಹೆಸರಿನಲ್ಲಿ ಕೊಟ್ಟಿತು. ಹೆಂಡತಿ ಹೆಂಡತಿಯಾಗಿ ನಿಂತಿದ್ದರೆ ಸೋಲುತ್ತಿತ್ತು, ದುಡಿಯಲು ಗಡಿ ದಾಟಿದವಳಾದ್ದರಿಂದ ಗೆದ್ದಿತು. ಇದರ ಇನ್ನೊಂದು ಮುಖ ಎಂದರೆ ಊರಲ್ಲೇ ಉಳಿದ ಪೌರರಿಗೆ ಊರು ಬಿಟ್ಟವರಿಗಿಂತ ಕಡಿಮೆ ಹಕ್ಕು. ಈ ವಿಚಿತ್ರ ಇನ್ನೂ ಉಳಿದಿದೆ. ಜರ್ಮನಿಯಲ್ಲಿ ಇರುವ ಫ್ರೆಂಚ್ ಪೌರ ಭಾರತದಿಂದ ಹೆಂಡತಿಯನ್ನು ಕರೆಸಿಕೊಂಡರೆ ಆಕೆ ಜರ್ಮನ್ ಭಾಷೆಯ ಪರೀಕ್ಷೆ ಬರೆಯಬೇಕಿಲ್ಲ. ಜರ್ಮನ್ ಪೌರನೇ ಕರೆಸಿಕೊಂಡರೆ ಸಾಮಾನ್ಯವಾಗಿ ಬರೆಯಬೇಕು, 2007ರಿಂದ ಇರುವ ನಿಯಮ. ಆಕೆಯ ಪಾಸ್‌ಪೋರ್ಟ್ ಭಾರತದ್ದಾಗದೆ ಜಪಾನಿನದೋ ಆಸ್ಟ್ರೇಲಿಯಾದ್ದೋ ಆಗಿದ್ದರೆ ಆಗಲೂ ಬರೆಯಬೇಕಿಲ್ಲ.

ಬ್ರಿಟನ್ನಿನಲ್ಲಿ 2012ರ ಜುಲೈನಿಂದ, ಪರದೇಶಿ ಸಂಗಾತಿಯನ್ನು ಕರೆತರುವ ಪೌರರ ವಾರ್ಷಿಕ ಆದಾಯ ಕನಿಷ್ಠ 18,600 ಪೌಂಡ್ ಇರಬೇಕೆಂದಾಯಿತು. ಬರಲಿರುವವರು ತಮ್ಮ ದೇಶದಲ್ಲಿ ಎಷ್ಟೇ ದುಡಿಯುತ್ತಿರಲಿ, ಆ ಸಂಬಳ ಲೆಕ್ಕಕ್ಕಿಲ್ಲ. ಆಗ ಹಳೆಯ ತೀರ್ಪಿಗೆ ಮರುಜೀವ ಬಂತು. ಜೋಡಿಗಳು ಐರ್ಲೆಂಡಿಗೋ ಸ್ಪೇನಿಗೋ ಹೋಗಿ ಕೆಲವು ತಿಂಗಳು ದುಡಿದು, ಬಾಡಿಗೆ ಕರಾರು, ಸಂಬಳದ ಚೀಟಿ, ಬ್ಯಾಂಕ್ ಲೆಕ್ಕ ಎಲ್ಲ ಕೂಡಿಸಿಕೊಂಡು ಮರಳುವುದಕ್ಕೆ 'ಸುರಿಂದರ್ ಸಿಂಗ್ ದಾರಿ' ಎಂದೇ ಹೆಸರಾಯಿತು. ಅಲ್ಲಿಗೆ ಹೋದದ್ದು ನೆಪಕ್ಕಲ್ಲ, ಬದುಕಿನ ಕೇಂದ್ರವನ್ನೇ ಅಲ್ಲಿಗೆ ವರ್ಗಾಯಿಸಿದ್ದಿರಿ ಎಂದು ತೋರಿಸಿ ಎಂದು ಸರ್ಕಾರ 2014ರಿಂದ ಕೇಳತೊಡಗಿತು. ಬ್ರಿಟನ್ ಒಕ್ಕೂಟ ಬಿಟ್ಟಮೇಲೆ ಆ ದಾರಿ ಮುಚ್ಚಿತು. 2020ರ ಅಂತ್ಯದೊಳಗೆ ಹೊರಗೆ ನೆಲೆಸಿದ್ದ ಜೋಡಿಗಳಿಗೆ ಮರಳಲು 2022ರ ಮಾರ್ಚ್ 29 ಗಡುವಾಗಿತ್ತು. ಆದಾಯದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 29,000 ಪೌಂಡಿಗೆ ಏರಿಸಿದರು. ಮುರಿದುಬಿದ್ದ ಒಂದು ಮದುವೆಯ ಹೆಸರು ಹಿಡಿದು ಅಷ್ಟು ಜೋಡಿಗಳು ಒಟ್ಟಿಗೆ ಉಳಿದದ್ದನ್ನು ನೆನೆದರೆ ನಗುವೂ ಬರುತ್ತದೆ, ಬೇರೇನೋ ಕೂಡ ಆಗುತ್ತದೆ.

ಮದುವೆ ಎಂದೇ ಒಪ್ಪದಿದ್ದಾಗ ಅಧೀನ ವಾಕ್ಯದ ಜಾಗವೂ ಸಿಗುವುದಿಲ್ಲ. ಅಮೆರಿಕದ ರಿಚರ್ಡ್ ಆಡಮ್ಸ್ ಮತ್ತು ಆಸ್ಟ್ರೇಲಿಯಾದ ಆಂಟನಿ ಸಲ್ಲಿವನ್ 1975ರಲ್ಲಿ ಕೊಲರಾಡೊದ ಬೋಲ್ಡರಿನಲ್ಲಿ ವಿವಾಹ ಪರವಾನಗಿ ಪಡೆದು ಮದುವೆಯಾದರು. ವಲಸೆ ಇಲಾಖೆ ಇಬ್ಬರು ಗಂಡಸರ ಮದುವೆಯನ್ನು ಒಪ್ಪಲಿಲ್ಲ, ನ್ಯಾಯಾಲಯಗಳೂ ಒಪ್ಪಲಿಲ್ಲ. 1985ರಲ್ಲಿ ಸೋತ ಮೇಲೆ ಇಬ್ಬರೂ ದೇಶ ಬಿಟ್ಟು ಸುಮಾರು ಒಂದು ವರ್ಷ ಯುರೋಪಿನಲ್ಲಿ ಅಲೆದು, ಸದ್ದಿಲ್ಲದೆ ಮರಳಿದರು. ಆಡಮ್ಸ್ 2012ರಲ್ಲಿ ತೀರಿಕೊಂಡ. ಅಂಥ ಮದುವೆಯನ್ನು ಅಮೆರಿಕದ ಒಕ್ಕೂಟ ಸರ್ಕಾರ ಒಪ್ಪುವಂತೆ ಮಾಡಿದ ವಿಂಡ್ಸರ್ ತೀರ್ಪು ಬಂದದ್ದು ಮರುವರ್ಷ. ಸಲ್ಲಿವನ್‌ಗೆ ತೀರಿಹೋದ ಪೌರನ ಸಂಗಾತಿಯೆಂದು 2016ರಲ್ಲಿ ಗ್ರೀನ್ ಕಾರ್ಡ್ ಸಿಕ್ಕಿತು.

ಈ ಪತ್ರ ಓದುವವರಲ್ಲಿ ಹಲವರ ಮಕ್ಕಳೋ ಸೋದರರೋ ಅಮೆರಿಕದಲ್ಲಿ ಗ್ರೀನ್ ಕಾರ್ಡಿನ ಸಾಲಿನಲ್ಲಿರುತ್ತಾರೆ, ಅವರಿಗಾಗಿ ಒಂದು ಮಾತು. ಅಲ್ಲಿ ಯಾವುದೇ ಒಂದು ದೇಶಕ್ಕೆ ಕುಟುಂಬ ಮತ್ತು ಉದ್ಯೋಗದ ವರ್ಗಗಳಲ್ಲಿ ಒಟ್ಟಿನ ಶೇಕಡಾ 7ರ ಮಿತಿ ಇದೆ, ಆದ್ದರಿಂದ ಭಾರತೀಯರ ಸಾಲು ಅಷ್ಟು ಉದ್ದ. ಆ ಲೆಕ್ಕ ನಡೆಯುವುದು ಪೌರತ್ವದ ಮೇಲಲ್ಲ, ಹುಟ್ಟಿದ ದೇಶದ ಮೇಲೆ. ಹಾಗಾಗಿ ಭಾರತದಲ್ಲಿ ಹುಟ್ಟಿದವರ ಗಂಡನೋ ಹೆಂಡತಿಯೋ ಬೇರೆ ದೇಶದಲ್ಲಿ ಹುಟ್ಟಿದ್ದರೆ, ಇಬ್ಬರೂ ಆ ದೇಶದ ಲೆಕ್ಕದಲ್ಲಿ ಸೇರಬಹುದು. ಕೊಲಂಬೊದಲ್ಲೋ ಕಠ್ಮಂಡುವಿನಲ್ಲೋ ಹುಟ್ಟಿದ ಹೆಂಡತಿ ಕಾಗದದಲ್ಲಿ ಡಿಪೆಂಡೆಂಟ್, ಆದರೆ ಗಂಡನನ್ನು ಸಾಲಿನ ಮುಂದಕ್ಕೆ ಎಳೆದೊಯ್ಯುವವಳು ಅವಳೇ. ಅದೇ ದೇಶ ಕೆಲಸದ ವೀಸಾದವರ ಸಂಗಾತಿಗಳಿಗೆ 1970ರಲ್ಲಿ ಎಚ್-4 ಎಂಬ ವೀಸಾ ಹುಟ್ಟುಹಾಕಿತು, ಅವರಲ್ಲಿ ಒಂದಷ್ಟು ಜನರಿಗೆ ದುಡಿಯಲು ಅನುಮತಿ ಕೊಟ್ಟದ್ದು 2015ರ ಮೇ ತಿಂಗಳಲ್ಲಿ. ನಡುವಿನ 45 ವರ್ಷ ಆ ವೀಸಾದ ಮೇಲೆ ಇಂಜಿನಿಯರುಗಳೂ ಡಾಕ್ಟರುಗಳೂ ಮನೆಯಲ್ಲಿ ಕೂತರು, ಅವರಲ್ಲಿ ಹೆಚ್ಚಿನವರು ಹೆಂಗಸರು.

ಧಾರವಾಡ ಮತ್ತು ಶ್ರೀಲಂಕಾದ ಆ ಜೋಡಿ ಕೊನೆಗೆ ಅವಳನ್ನೇ ಮುಖ್ಯ ಅರ್ಜಿದಾರಳನ್ನಾಗಿ ತೋರಿಸಿತು. ಅವಳ ಕೆಲಸದ ಕರಾರು ಮೊದಲು ಬಂದಿತ್ತು, ಬ್ಲೂ ಕಾರ್ಡಿಗೆ ಬೇಕಾದ ಸಂಬಳ ಅದರಲ್ಲಿತ್ತು. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಜರ್ಮನ್ ಪರೀಕ್ಷೆಯೂ ಇಲ್ಲ, ಅಲ್ಲಿ ದುಡಿಯಲು ಅಡ್ಡಿಯೂ ಇಲ್ಲ. ಗಂಡನ ಅಮ್ಮ ಮಾತ್ರ ಊರಿನಲ್ಲಿ ಕೇಳಿದವರಿಗೆಲ್ಲ, ಮಗ ಜರ್ಮನಿಗೆ ಹೋಗ್ತಿದಾನೆ, ಸೊಸೇನೂ ಜೊತೆಗೆ ಹೋಗ್ತಾಳೆ ಎಂದೇ ಹೇಳುತ್ತಿದ್ದಾರಂತೆ.